ಗಣಿತದಾಗ ಹೋದವರು ನಾವು

ನಮ್ಮ ಕೇರಿಯಲ್ಲಿ ಹತ್ತನೇ ಇಯತ್ತೆ ಫೇಲಾದವರನ್ನು ಫೇಲಾದರು ಅನ್ನುವುದಿಲ್ಲ. 'ಗಣಿತದಾಗ ಹೋದ' ಅನ್ನುತ್ತಾರೆ. ಹಳ್ಳದಾಗ ಹೋದ, ಬ್ಯಾನ್ಯಾಗ ಹೋದ ಅಂದಂತೆ. ಹಾಗೆ ಹೋದವರು ನಾವು.

ಕುಕನೂರಿನ ಈ ಕೇರಿಯಿಂದ ಒಂದೇ ವರ್ಷ ಪರೀಕ್ಷೆಗೆ ಕೂತವರು ಒಂಬತ್ತು ಮಂದಿ. ಅದರಲ್ಲಿ ಏಳು ಮಂದಿ ಗಣಿತದಾಗ ಹೋದೆವು. ಕನ್ನಡ ಪಾಸು, ಹಿಂದಿ ಪಾಸು, ಸಮಾಜ ಪಾಸು. ಗಣಿತದ ಮುಂದೆ 8, 11, 14, 19. ಏಳರಲ್ಲಿ ಮೂವರು ಅದೇ ಬೇಸಿಗೆಗೆ ಮಂಗಳೂರಿಗೆ ಗೌಂಡಿ ಕೆಲಸಕ್ಕೆ ಗುಳೆ ಹೋದರು. ಇಬ್ಬರು ಹುಡುಗಿಯರಿಗೆ ಆ ವರ್ಷವೇ ಲಗ್ನವಾಯಿತು. ಉಳಿದ ಇಬ್ಬರು ಮತ್ತೆ ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆವು. ಬರೆಯುತ್ತಿರುವ ಕೈ ಈ ಇಬ್ಬರದು. ಆದರೆ ಇಲ್ಲಿ ನಾವು ಅಂದರೆ ಏಳೂ ಮಂದಿ.

ಹದಿನೈದು ವರ್ಷ ನಾವು ನಮ್ಮ ತಲೆಯನ್ನೇ ಬೈದುಕೊಂಡೆವು. 'ನಮ್ಮ ಮಂದಿಗೆ ಗಣಿತ ಹತ್ತೂದಿಲ್ಲ' ಅಂತ ಮೇಷ್ಟ್ರು ಹೇಳಿದ್ದನ್ನು ಅಪ್ಪ ನಂಬಿದ, ಅಪ್ಪ ನಂಬಿದ್ದನ್ನು ನಾವು ನಂಬಿದೆವು. ಈಗ ತಡವಾಗಿಯಾದರೂ ಕೇಳಬೇಕಾಗಿದೆ: ಗಣಿತ ನಮಗೆ ಹತ್ತಲಿಲ್ಲವೋ, ನಾವು ಹತ್ತದ ಹಾಗೆ ಗಣಿತಕ್ಕೆ ಬೇಲಿ ಹಾಕಿದ್ದರೋ?

ನಮ್ಮಲ್ಲೊಬ್ಬಳ ಅವ್ವ ಸಂತೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಮಾರುತ್ತಾಳೆ. ಸಹಿ ಮಾಡಲು ಬಾರದು, ಹೆಬ್ಬೆಟ್ಟು. ಗಿರಾಕಿ ಬಂದು ದೀಡ ಕಿಲೋ ಉಳ್ಳಾಗಡ್ಡಿ, ಪಾವ ಕಿಲೋ ಮೆಣಸಿನಕಾಯಿ ಅಂದ ಅನ್ನಿ. ಉಳ್ಳಾಗಡ್ಡಿ ಕಿಲೋಕ್ಕೆ 28, ಮೆಣಸಿನಕಾಯಿ 60. ನೂರರ ನೋಟು ಕೊಟ್ಟರೆ ಅವ್ವ ಆ ನೋಟು ಸೆರಗಿಗೆ ಕಟ್ಟುವುದರೊಳಗೆ 43 ರೂಪಾಯಿ ಎಣಿಸಿ ಕೈಗೆ ಇಟ್ಟಿರುತ್ತಾಳೆ. ಪಕ್ಕದಲ್ಲಿ ಕೂತ ಮಗಳೂ ಹಾಗೆಯೇ. ಅದೇ ಮಗಳಿಗೆ ಶಾಲೆಯಲ್ಲಿ 1.5 ಗುಣಿಸು 28, ಕೂಡಿಸು 0.25 ಗುಣಿಸು 60 ಎಂದು ಬರೆದು ಕೊಟ್ಟರೆ ಕೈ ನಡುಗಿ ಬಿಂದು ಎಲ್ಲೋ ಇಡುತ್ತಿದ್ದಳು. ಮೇಷ್ಟ್ರು ಸೊನ್ನೆ ಸುತ್ತುತ್ತಿದ್ದರು. ಸಂತೆಯಲ್ಲಿ ಒಂದು ರೂಪಾಯಿ ತಪ್ಪದ ಹುಡುಗಿ ಶಾಲೆಯಲ್ಲಿ ದಡ್ಡಿ.

ಇದು ಕುಕನೂರಿನ ಕತೆ ಮಾತ್ರ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಬೀದಿಯಲ್ಲಿ ಮಾರಾಟ ಮಾಡುವ ಬಡ ಮಕ್ಕಳನ್ನು ಮೂವರು ಸಂಶೋಧಕರು ಗಿರಾಕಿಗಳಂತೆ ಹೋಗಿ ಮಾತಾಡಿಸಿದರು. 1985ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಹೀಗಿದೆ: ಬೀದಿಯಲ್ಲಿ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅವೇ ಅಂಕಿಗಳನ್ನು ಕಾಗದದ ಮೇಲೆ ಶಾಲೆಯ ಲೆಕ್ಕವಾಗಿ ಕೊಟ್ಟಾಗ ನೂರಕ್ಕೆ 37 ಮಾತ್ರ ಸರಿ. ನಮ್ಮ ದೇಶದಲ್ಲೇ ದಿಲ್ಲಿ ಮತ್ತು ಕಲ್ಕತ್ತೆಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅದರಲ್ಲೂ ಇದೇ. ಜೊತೆಗೆ ಇನ್ನೊಂದು ಸಂಗತಿ: ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕ ಬರುವುದಿಲ್ಲ. ಅಂದರೆ ನಮ್ಮ ಶಾಲೆಗಳು ಉಳ್ಳವರ ಮಕ್ಕಳಿಗೂ ಗಣಿತ ಕಲಿಸುತ್ತಿಲ್ಲ, ಗಣಿತ ಬರೆಯುವುದನ್ನು ಕಲಿಸುತ್ತಿವೆ. ಪರೀಕ್ಷೆ ಬರಹವನ್ನಷ್ಟೇ ನೋಡುತ್ತದೆ. ಬರಹ ಯಾರ ಮನೆಯಲ್ಲಿ ಮೂರು ತಲೆಮಾರಿನಿಂದ ಇದೆಯೋ ಅವರು ಗೆಲ್ಲುತ್ತಾರೆ.

ಬಾಬಾಸಾಹೇಬರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಒಂದು ಪ್ರಸಂಗ ಹೇಳುತ್ತಾರೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮೇಷ್ಟ್ರು ಹುಡುಗ ಭೀಮರಾವನನ್ನು ಬೋರ್ಡಿನ ಮೇಲೆ ಒಂದು ಲೆಕ್ಕ ಬಿಡಿಸಲು ಕರೆದರು. ತರಗತಿಯಲ್ಲಿ ಗದ್ದಲ ಎದ್ದಿತು. ಸವರ್ಣ ಹುಡುಗರ ಬುತ್ತಿ ಡಬ್ಬಿಗಳು ಬೋರ್ಡಿನ ಹಿಂದೆ ಇದ್ದವು. ಅವನು ಬೋರ್ಡು ಮುಟ್ಟುವ ಮೊದಲೇ ಹುಡುಗರು ಓಡಿ ಹೋಗಿ ಡಬ್ಬಿ ಎತ್ತಿಕೊಂಡರು. ಆ ಹುಡುಗ ಮುಂದೆ ಲಂಡನ್ನಿಗೆ ಹೋಗಿ ಈ ದೇಶದ ರೂಪಾಯಿಯ ಲೆಕ್ಕವನ್ನೇ ಬಿಡಿಸಿದ. ರೂಪಾಯಿಯ ಸಮಸ್ಯೆ ಕುರಿತ ಆತನ ಪುಸ್ತಕ 1923ರಲ್ಲಿ ಬಂತು.

ನಮ್ಮ ಕಾಲಕ್ಕೆ ಡಬ್ಬಿಯ ಗೊಡವೆ ಇರಲಿಲ್ಲ. 2002ರಿಂದ ಬಿಸಿಯೂಟ ಬಂದಿತ್ತು, ಎಲ್ಲರೂ ಉಂಡೆವು. ಆದರೆ ಬೋರ್ಡು ಮಾತ್ರ ದೂರವೇ ಇತ್ತು. ನಾವು ಓದಿದ ಶಾಲೆಯ ಹೆಸರು ಇಲ್ಲಿ ಬೇಡ, ಅಂಥ ಶಾಲೆ ಎಲ್ಲ ಊರಲ್ಲೂ ಇದೆ. ಅಲ್ಲಿ ಮೂರು ವರ್ಷದಲ್ಲಿ ನಮ್ಮನ್ನು ಬೋರ್ಡಿಗೆ ಕರೆದದ್ದು ಒರೆಸಲು ಮಾತ್ರ. ಒಮ್ಮೆ ನಮ್ಮವನೊಬ್ಬ ಕೈ ಎತ್ತಿ, 'ಸರ್, ಇದು ಹೆಂಗ ಬಂತ್ರಿ?' ಅಂದ. 'ನಿಮ್ಮಪ್ಪ ಚಪ್ಪಲಿ ಹೊಲಿತಾನ, ನಿನಗ್ಯಾಕ ಬೀಜಗಣಿತ? ಕುಂದರು' ಎಂದರು. ತರಗತಿ ನಕ್ಕಿತು. ಅವನು ಕೂತ. ಆಮೇಲೆ ಹತ್ತನೇ ಇಯತ್ತೆ ಮುಗಿಯುವ ತನಕ ಕೈ ಎತ್ತಲಿಲ್ಲ. ಈಗ ಮಂಗಳೂರಿನಲ್ಲಿ ಹತ್ತು ಅಂತಸ್ತಿನ ಮೇಲೆ ನಿಂತು ತೂಕದ ಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುತ್ತಾನೆ. ಅವನು ಕಟ್ಟಿದ ಮೂಲೆ ಲಂಬಕೋನಕ್ಕೆ ಒಂದು ಕೂದಲೆಳೆ ತಪ್ಪುವುದಿಲ್ಲ.

ಇನ್ನು ಭಾಷೆಯ ಮಾತು. ಸವ್ವಾ, ದೀಡ, ಅಡೀಚ, ಪಾವಣೆ ಎರಡು ಇವು ನಮ್ಮ ನಾಲಿಗೆಯ ಮೇಲಿನ ಭಿನ್ನರಾಶಿಗಳು. ನಾಕಾಣೆ ಪಾಲು, ಎಂಟಾಣೆ ಪಾಲು ಅಂದರೆ ಹೊಲ ಮಾಡಿದವರಿಗೆಲ್ಲ ತಿಳಿಯುತ್ತದೆ. 1957ರಲ್ಲಿ ಹೊಸ ಪೈಸೆ ಬಂದು ಆಣೆ ಹೋಯಿತು, ಆದರೆ ಪಾಲಿನ ಮಾತಿನಲ್ಲಿ ಆಣೆ ಇನ್ನೂ ಬದುಕಿದೆ. ಶಾಲೆಯಲ್ಲಿ ಇದಾವುದೂ ಇಲ್ಲ. ಅಲ್ಲಿ ಲಘುತ್ತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ, ಬಹುಪದೋಕ್ತಿ, ಸಮಾಂತರ ಶ್ರೇಢಿ. ಅಪವರ್ತ್ಯವೋ ಅಪವರ್ತನವೋ ಎಂದು ನಾಲಿಗೆ ತೊಡರುವಷ್ಟರಲ್ಲಿ ಪಿರಿಯಡ್ಡು ಮುಗಿಯುತ್ತಿತ್ತು. ಕಿವಿಗೆ ಕಾದ ಸೀಸ ಸುರಿಯುವ ಕಾಲ ಹೋಯಿತು, ನಿಜ. ಆದರೆ ಕಿವಿಗೆ ಬಿದ್ದರೂ ತಿಳಿಯದ ಹಾಗೆ ಮಾತಾಡುವ ಕಾಲ ಹೋಗಿಲ್ಲ. ಜನರ ಮಾತಿನಲ್ಲಿ ದೇವರನ್ನೇ ಪ್ರಶ್ನಿಸಿದ ವಚನಕಾರರ ನಾಡಿನಲ್ಲಿ ಕೂಡುವ ಕಳೆಯುವ ಲೆಕ್ಕ ಮಂತ್ರವಾಗಿ ಉಳಿದಿದೆ.

ಹಾಗೆಂದು ಕನ್ನಡಕ್ಕೆ ಗಣಿತ ಹೊಸದಲ್ಲ. ನಮ್ಮೂರ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು, 9ನೇ ಶತಮಾನದ್ದು. ಅದೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಇಲ್ಲೇ ಪಕ್ಕದ ಇಟಗಿಯ ಮಹಾದೇವ ಗುಡಿ 1112ರದು. ಬರೆದವರ ಹೆಸರು ಉಳಿದಿದೆ, ಗುಡಿ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಕಲ್ಲು ಒಡೆದು, ಹೊತ್ತು, ಅಳೆದು, ಮೂಲೆಗೆ ಮೂಲೆ ಕೂಡಿಸಿದ ಕೈಗಳ ಹೆಸರು ಎಷ್ಟು ಉಳಿದಿದೆ? ಆ ಕೈಗಳ ಮೊಮ್ಮಕ್ಕಳೇ ಇವತ್ತು ರೇಖಾಗಣಿತದಲ್ಲಿ ಸೊನ್ನೆ ತೆಗೆದುಕೊಂಡು ಬರುತ್ತಿದ್ದಾರೆ.

ನಮ್ಮಲ್ಲೊಬ್ಬನ ಅಪ್ಪ ಹಲಗೆ ಕಟ್ಟುತ್ತಿದ್ದ. ಸುತ್ತಲೂ ಬರುವ ಬಳೆಗೆ ಕಟ್ಟಿಗೆ ಎಷ್ಟು ಉದ್ದ ಬೇಕು ಅಂತ ಹೇಗೆ ಗೊತ್ತು ಎಂದು ಈಚೆಗೆ ಕೇಳಿದೆವು. ಅವನ ಹಲಗೆ ಅಡ್ಡಗಲ ಇಪ್ಪತ್ತೆಂಟು ಬೆರಳು. 'ಅಗಲ ಮೂರು ಸಲ ಹಾಕು, ಮ್ಯಾಲ ನಾಕು ಬೆರಳು ಬಿಡು' ಅಂದ. ನಾವು ಬೆರಗಾಗಿ ಲೆಕ್ಕ ಹಾಕಿದೆವು. ಮೂರು ಇಪ್ಪತ್ತೆಂಟಲೆ 84, ಮೇಲೆ 4, ಒಟ್ಟು 88. ಪುಸ್ತಕದ 22/7ನ್ನು 28ಕ್ಕೆ ಗುಣಿಸಿದರೂ ಅದೇ 88. ನಾವು ಪೈ ಎಂಬ ಅಕ್ಷರ ಕಂಡು ಹೆದರಿ ಓಡಿದ್ದೆವು. ಅದು ನಮ್ಮ ಮನೆಯ ಮೂಲೆಯಲ್ಲಿ ಗೂಟಕ್ಕೆ ತೂಗಾಡುತ್ತಿತ್ತು.

ಗೆಳೆಯರೆ, ಇಲ್ಲಿ ಒಂದು ಎಚ್ಚರ ಬೇಕು. ಹಲಗೆಯ ಲೆಕ್ಕ ನಮ್ಮದು, ಬೀಜಗಣಿತ ಅವರದು, ಹಾಗಾದರೆ ಕೇರಿಯ ಮಕ್ಕಳಿಗೆ ಹಲಗೆಯ ಲೆಕ್ಕ ಸಾಕು ಎಂದು ನಾಳೆ ಯಾರಾದರೂ ನಯವಾಗಿ ಹೇಳಿಯಾರು. ಹೇಳಿದ್ದೂ ಉಂಟು. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿ, ಹಳ್ಳಿ ಮಕ್ಕಳು ಅರ್ಧ ಹೊತ್ತು ಶಾಲೆಗೆ ಬರಲಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಪೆರಿಯಾರ್ ಅದನ್ನು ಕುಲದ ಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಕುರ್ಚಿಯಿಂದ ಇಳಿದ ಮೇಲೆ ಯೋಜನೆ ಬಿದ್ದುಹೋಯಿತು. ಅದರ ನೆರಳು ಬಿದ್ದುಹೋಗಿಲ್ಲ. ಕೇಂದ್ರೀಯ ಮಂಡಳಿ 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಗಣಿತಕ್ಕೆ ಎರಡು ಪ್ರಶ್ನೆಪತ್ರಿಕೆ ಮಾಡಿತು, ಒಂದು ಸುಲಭದ್ದು, ಒಂದು ಪೂರ್ತಿಯದು. ಮಕ್ಕಳ ಭಯ ಕಡಿಮೆಯಾಗಲಿ ಎಂಬುದು ಅದರ ಮಾತು. ನಮ್ಮ ಪ್ರಶ್ನೆ ಇಷ್ಟೇ: ಇಂಥದ್ದು ಕುಕನೂರಿಗೆ ಬಂದರೆ ಸುಲಭದ ಪತ್ರಿಕೆ ಯಾವ ಬೆಂಚಿಗೆ ಹೋಗುತ್ತದೆ? ಬಾವಿ ಎರಡಾದ ಊರಿನವರು ನಾವು. ಎರಡು ಗಣಿತ ಅಂದಾಗ ನಮಗೆ ಅನುಮಾನ ಬರದೆ ಇರುವುದಿಲ್ಲ.

ಅಮೆರಿಕದಲ್ಲಿ ಬಾಬ್ ಮೋಸೆಸ್ ಎಂಬಾತ ಇದ್ದ. ಕಪ್ಪು ಜನರವನು, ಗಣಿತದ ಮೇಷ್ಟ್ರು. 1960ರ ದಶಕದಲ್ಲಿ ಮಿಸಿಸಿಪ್ಪಿಯ ಹಳ್ಳಿಗಳಲ್ಲಿ ಕಪ್ಪು ಕೂಲಿಕಾರರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ಹೋಗಿ ಪೆಟ್ಟು ತಿಂದ, ಜೈಲು ಕಂಡ. ಅಲ್ಲಿ ಓದು ಬರಹದ ಪರೀಕ್ಷೆ ಇಟ್ಟು ಕಪ್ಪು ಜನರನ್ನು ಮತದಿಂದ ದೂರ ಇಡುತ್ತಿದ್ದರು. ಮುಂದೆ ಆತನಿಗೆ ಕಂಡದ್ದು, ಈಗ ಆ ಬಾಗಿಲಿನ ಜಾಗದಲ್ಲಿ ಬೀಜಗಣಿತ ನಿಂತಿದೆ ಅಂತ. ಅದು ಬಾರದವನಿಗೆ ಕಾಲೇಜಿಲ್ಲ, ಕೆಲಸವಿಲ್ಲ. 1982ರಲ್ಲಿ ಆತ ಬೀಜಗಣಿತ ಯೋಜನೆ ಎಂಬ ಚಳವಳಿಯನ್ನೇ ಕಟ್ಟಿದ. ಕಪ್ಪು ಮಕ್ಕಳಿಗೆ ಬೀಜಗಣಿತ ಬೇಡ ಅನ್ನಲಿಲ್ಲ. ರೈಲಿನಲ್ಲಿ ಕೂರಿಸಿಕೊಂಡು ಹೋಗಿ, ಹೋದ ದಾರಿಯನ್ನು ಅವರ ಮಾತಿನಲ್ಲೇ ಹೇಳಿಸಿ, ಚಿತ್ರ ಬರೆಸಿ, ಅಲ್ಲಿಂದ ಅಂಕಿಗೆ, ಅಂಕಿಯಿಂದ ಬೀಜಾಕ್ಷರಕ್ಕೆ ಕರೆತಂದ. 2021ರಲ್ಲಿ ತೀರಿಕೊಂಡ. ನಮಗೂ ಬೇಕಾದದ್ದು ಅದೇ. ಮನೆಯ ಲೆಕ್ಕದಿಂದ ಹೊರಟು ಪೂರ್ತಿ ಗಣಿತದ ತನಕ ಹೋಗುವ ದಾರಿ.

ಆದರೆ ಪರೀಕ್ಷೆ ದಾರಿ ಬಿಡುತ್ತದೆಯೇ? ನಾವು ಕಡೆಗೆ ಪಾಸಾದದ್ದು ಹೇಗೆ ಎಂದು ಒಪ್ಪಿಕೊಳ್ಳುತ್ತೇವೆ. ನಮ್ಮನ್ನು ಕೂರಿಸಿ 'ಪಾಸಿಂಗ್ ಪ್ಯಾಕೇಜ್' ಕೊಟ್ಟರು. ಒಂದು ಗ್ರಾಫು, ಒಂದು ರಚನೆ, ಎರಡು ಪ್ರಮೇಯ, ನಾಲ್ಕು ಸೂತ್ರ. ಥೇಲ್ಸನ ಪ್ರಮೇಯವನ್ನು ಹಾಡಿನಂತೆ ಬಾಯಿಪಾಠ ಮಾಡಿದೆವು. ಅದು ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಸತ್ತೇ ಹೋಗುತ್ತಿದ್ದೆವು. ಯಾರೂ ಕೇಳಲಿಲ್ಲ, ಪಾಸಾದೆವು. ಇನ್ನೂ ನಾಚಿಕೆಯ ಮಾತು: ಕೇರಿಯಲ್ಲಿ ರಾತ್ರಿ ಶಾಲೆ ತೆರೆದ ಮೊದಲ ವರ್ಷ ನಾವೂ ಮಕ್ಕಳಿಗೆ ಅದೇ ಪ್ಯಾಕೇಜನ್ನೇ ಕೊಟ್ಟೆವು.

ಮೇಲಿನವರು ಮಾಡುತ್ತಿರುವುದೇನು? 2005ರ ರಾಷ್ಟ್ರೀಯ ಪಠ್ಯಕ್ರಮದ ಹೊತ್ತಿಗೆ ಪ್ರೊ. ಆರ್. ರಾಮಾನುಜಂ ಅವರ ಅಧ್ಯಕ್ಷತೆಯ ಗಣಿತದ ಸಮಿತಿ, ಭಯ ಮತ್ತು ಸೋಲು ಈ ವಿಷಯದ ದೊಡ್ಡ ರೋಗ, ಪರೀಕ್ಷೆಯ ಒರಟು ರೀತಿಯೇ ಅದಕ್ಕೆ ಒಂದು ಕಾರಣ ಎಂದಿತು. ಇಪ್ಪತ್ತು ವರ್ಷವಾಯಿತು. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಬರಹಕ್ಕೆ, 20 ಆಂತರಿಕಕ್ಕೆ ಆಯಿತು. 2023ರಲ್ಲಿ ಪಾಸಾದವರು ಶೇಕಡಾ 83.89. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರೂ ಫಲಿತಾಂಶ 73.40ಕ್ಕೆ ಬಿತ್ತು. 2025ರಲ್ಲಿ ಇನ್ನೂ ಕೆಳಗೆ. ಆಗ ಪಾಸಿನ ಮಿತಿಯನ್ನೇ 35ರಿಂದ 33ಕ್ಕೆ ಇಳಿಸಿದರು. ನಡುವೆ 2024ರಲ್ಲಿ 5, 8, 9ನೇ ತರಗತಿಗೂ ಬೋರ್ಡ್ ಪರೀಕ್ಷೆ ಇಟ್ಟು, ಅದು ಹೈಕೋರ್ಟು ಅಲೆದು, ಸುಪ್ರೀಂಕೋರ್ಟಿನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ತಕ್ಕಡಿಯನ್ನು ಎಷ್ಟು ಸಲ ಬದಲಿಸಿದರೂ ತೂಗುವ ಕಾಳು ಅದೇ. ಎರಡು ಅಂಕ ಕಡಿಮೆ ಮಾಡಿದರೆ ಮಗುವಿಗೆ ಗಣಿತ ಬಂದಂತಾಯಿತೇ? ಅಂಕ ಕೊಡುವುದು ಭಿಕ್ಷೆಯಾಯಿತು. ನಮಗೆ ಬೇಕಾದದ್ದು ತಿಳಿವಳಿಕೆ.

ತಿಳಿವಳಿಕೆ ಅಂದರೆ ಏನು ಎಂದು ನಮಗೆ ತಿಳಿದದ್ದು ರಾತ್ರಿ ಶಾಲೆಯಲ್ಲಿ, ಒಬ್ಬ ಮುತ್ಯಾನಿಂದ.

ಆ ದಿನ ಎಂಟನೇ ಇಯತ್ತೆಯವರಿಗೆ ಚಕ್ರಬಡ್ಡಿ ಹೇಳುತ್ತಿದ್ದೆವು. ಪುಸ್ತಕದ ಲೆಕ್ಕದಲ್ಲಿ ಒಬ್ಬಾತ ಬ್ಯಾಂಕಿನಲ್ಲಿ ದುಡ್ಡು ಇಡುತ್ತಾನೆ, ಮೂರು ವರ್ಷಕ್ಕೆ ಎಷ್ಟಾಗುತ್ತದೆ ಕಂಡುಹಿಡಿ ಎಂದಿತ್ತು. ನಾವು ಓದಿದ ಲೆಕ್ಕಗಳಲ್ಲಿ ಬಹಳ ಮಂದಿ ಹೀಗೆ ದುಡ್ಡು ಇಡುವವರೇ. ಹಿಂದಿನ ಸಾಲಿನ ಒಬ್ಬ ಹುಡುಗಿ, 'ಇಡಾಕ ರೊಕ್ಕ ಎಲ್ಲೈತ್ರಿ? ನಮ್ಮ ಮನ್ಯಾಗ ಬಡ್ಡಿ ಅಂದ್ರ ಕೊಡೂದು' ಅಂದಳು. ಬಾಗಿಲಲ್ಲಿ ಕೂತಿದ್ದ ಅವಳ ಮುತ್ಯಾ ನಕ್ಕ. 1970ರ ದಶಕದ ಮೊದಲಿಗೆ ಜೀತಕ್ಕಿದ್ದವನು. 'ಹಂಗಾರ ನಂದು ಹಾಕ್ರಿ ಲೆಕ್ಕಾ' ಅಂದ.

ಮುತ್ಯಾ ತಂದದ್ದು 400 ರೂಪಾಯಿ, ಲಗ್ನಕ್ಕೆ. ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಜೀತದ ಕೂಲಿ ವರ್ಷಕ್ಕೆ 200, ಎರಡು ಹೊತ್ತು ರೊಟ್ಟಿ, ಒಂದು ಕಂಬಳಿ. ಕೂಲಿ ಕೈಗೆ ಬರುವುದಿಲ್ಲ, ಸಾಲಕ್ಕೆ ಜಮಾ. ಹುಡುಗಿ ಬೋರ್ಡಿಗೆ ಬಂದು ಬರೆದಳು. ನೂರಕ್ಕೆ ತಿಂಗಳಿಗೆ ಐದು ಅಂದರೆ ವರ್ಷಕ್ಕೆ ಅರವತ್ತು. 400ಕ್ಕೆ ಬಡ್ಡಿ 240. ಕೂಲಿ 200 ಕಳೆದರೆ ವರ್ಷದ ಕೊನೆಗೆ ಬಾಕಿ 440. ಎರಡನೇ ವರ್ಷ 504. ಮೂರನೇ ವರ್ಷ 606. ನಾಲ್ಕನೇ ವರ್ಷ 770. ಐದನೇ ವರ್ಷ 1032.

ಐದು ವರ್ಷ ಹಗಲೂ ರಾತ್ರಿ ದುಡಿದ ಮೇಲೆ 400 ಇದ್ದ ಸಾಲ 1032 ಆಗಿತ್ತು.

ಆಮೇಲೆ ನಾವೇ ಇನ್ನೊಂದು ಪ್ರಶ್ನೆ ಹಾಕಿದೆವು. ಐದು ವರ್ಷದಲ್ಲಿ ಸಾಲ ತೀರಬೇಕಾದರೆ ಕೂಲಿ ಎಷ್ಟಿರಬೇಕಿತ್ತು? ಇದಕ್ಕೆ ಬಾಯಿಲೆಕ್ಕ ಸಾಲದು. ಗೊತ್ತಿಲ್ಲದ ಕೂಲಿಗೆ ಒಂದು ಅಕ್ಷರ ಇಡಬೇಕು. ಬೀಜಗಣಿತ ಬೇಕು. ಎರಡು ರಾತ್ರಿ ಹಿಡಿಯಿತು. ಉತ್ತರ ಬಂತು: 266 ರೂಪಾಯಿ. ಅದೇ ಅನ್ಯಾಯದ ಬಡ್ಡಿಯಲ್ಲೂ ವರ್ಷಕ್ಕೆ 66 ರೂಪಾಯಿ ಹೆಚ್ಚು ಕೂಲಿ ಸಿಕ್ಕಿದ್ದರೆ ಐದನೇ ವರ್ಷಕ್ಕೆ ಮುತ್ಯಾ ಬಿಡುಗಡೆಯಾಗುತ್ತಿದ್ದ. 240ಕ್ಕಿಂತ ಕೂಲಿ ಕಡಿಮೆ ಇರುವ ತನಕ ನೂರು ವರ್ಷ ದುಡಿದರೂ ಸಾಲ ಬೆಳೆಯುವುದೇ ಹೊರತು ತೀರುವುದಿಲ್ಲ. ಕೂಲಿ ಗೊತ್ತುಮಾಡಿದವನಿಗೆ ಈ ಲೆಕ್ಕ ಗೊತ್ತಿತ್ತು.

ಮುತ್ಯಾ ಬೋರ್ಡನ್ನು ಬಹಳ ಹೊತ್ತು ನೋಡಿದ. ಓದಲು ಬಾರದು, ಆದರೂ ನೋಡಿದ. 'ನಾನಾ ಕಮ್ಮಿ ದುಡದ್ನಿ ಅಂತ ತಿಳಕೊಂಡಿದ್ನಲ್ಲೋ ತಮ್ಮಾ' ಅಂದ.

1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು, ಮುತ್ಯಾನ ಸಾಲ ಕಾಗದದ ಮೇಲೆ ಹರಿಯಿತು. ಆದರೆ ತನ್ನ ತೋಳಿನಲ್ಲೇ ಕೊರತೆ ಇತ್ತು ಎಂಬ ಅಪರಾಧಿ ಭಾವನೆಯನ್ನು ಐವತ್ತು ವರ್ಷ ಹೊತ್ತಿದ್ದ. ನಾವು ಹದಿನೈದು ವರ್ಷ ನಮ್ಮ ತಲೆಯನ್ನು ಬೈದುಕೊಂಡ ಹಾಗೆ. ಆ ರಾತ್ರಿಯಿಂದ ಪಾಸಿಂಗ್ ಪ್ಯಾಕೇಜ್ ಬಿಟ್ಟೆವು. ಥೇಲ್ಸನ ಪ್ರಮೇಯವನ್ನು ಬಯಲಿಗೆ ಒಯ್ದೆವು. ಒಂದು ಮೀಟರ್ ಕೋಲಿನ ನೆರಳು 80 ಸೆಂಟಿಮೀಟರ್ ಇದ್ದಾಗ ನೀರಿನ ಟಾಕಿಯ ನೆರಳು 12 ಮೀಟರ್. ಟಾಕಿಯ ಎತ್ತರ 15 ಮೀಟರ್ ಎಂದು ಏಣಿ ಹತ್ತದೆ ಮಕ್ಕಳು ಹೇಳಿದರು. ಖಾತ್ರಿ ಕೆಲಸಕ್ಕೆ ಹೋದ ಅವ್ವಂದಿರು ಅಗೆದ ಗುಂಡಿಯ ಉದ್ದ, ಅಗಲ, ಆಳ ಅಳೆದು ಘನಫಲ ತೆಗೆದರು. ಸಂಘದ ಸಾಲದ ಕಂತು, ಅಡತಿ ಅಂಗಡಿಯಲ್ಲಿ ಚೀಲಕ್ಕೆ ಮುರಿದುಕೊಳ್ಳುವ ಸೂಟು, ಎಲ್ಲ ಬೋರ್ಡಿಗೆ ಬಂದವು. ಇವೆಲ್ಲ ಬಂದ ಮೇಲೆ ಬೀಜಗಣಿತ ಕರೆಯದೆಯೇ ಬಂತು.

ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಮೊದಲ ತರಗತಿಗಳು ಕನ್ನಡದಲ್ಲೋ ತಾಯಿನುಡಿಯಲ್ಲೋ ನಡೆಯಲಿ ಎಂದಿದೆ. ಒಳ್ಳೆಯದು. ಆ ಕನ್ನಡದಲ್ಲಿ ನಮ್ಮ ದೀಡ, ಅಡೀಚಗಳಿಗೂ ಜಾಗ ಇರಲಿ. ಅಲ್ಲಿಂದ ಹೊರಟು ಪುಸ್ತಕದ ಪದಕ್ಕೆ ಹೋಗೋಣ. ಸಾಲ ಕೊಡುವವನ ಲೆಕ್ಕದ ಜೊತೆಗೆ ಸಾಲ ತೀರಿಸುವವನ ಲೆಕ್ಕವೂ ಪಠ್ಯದಲ್ಲಿ ಬರಲಿ. ಆ 20 ಆಂತರಿಕ ಅಂಕ ಗೈಡು ನೋಡಿ ನಕಲು ಬರೆದ ಚಾರ್ಟಿಗೆ ಹೋಗದೆ ಅಳೆದದ್ದಕ್ಕೆ, ಬಾಯಲ್ಲಿ ಹೇಳಿದ್ದಕ್ಕೆ, 'ಹೆಂಗ ಬಂತ್ರಿ' ಎಂದು ಕೇಳಿದ್ದಕ್ಕೆ ಸಿಗಲಿ. ಗುಳೆ ಹೋಗಿ ಬಂದ ಮಗುವಿಗೆ ಬಿಟ್ಟ ಪಾಠದಿಂದಲೇ ಶುರುವಾಗಲಿ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ತಡವಾಗಿ ಶಾಲೆಗೆ ಸೇರಿದ ಮಗುವಿಗೆ ವಿಶೇಷ ತರಬೇತಿಯ ಹಕ್ಕು ಕೊಟ್ಟಿದೆ, ಅದು ಕಾಗದದಲ್ಲಿ ಕೊಳೆಯುವುದು ಬೇಡ. ಗಣಿತದ ಪೆಟ್ಟಿಗೆ ಬಂದ ಶಾಲೆಗಳಲ್ಲಿ ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಗಣಿತ ಒಂದೇ ಇರಲಿ. ಕೇರಿಗೆ ಅರ್ಧ, ಊರಿಗೆ ಪೂರ್ತಿ ಎಂಬ ಪಾಲು ನಮಗೆ ಬೇಡ.

ಇದನ್ನು ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರು, ಟೀಚರಮ್ಮಂದಿರು ಬಹಳ ಮಂದಿ ಇದ್ದೀರಿ. ಪಠ್ಯ ಬದಲಾಗಲು ಬೆಂಗಳೂರಿನಲ್ಲಿ ಸಮಿತಿ ಕೂರಬೇಕು, ಪರೀಕ್ಷೆ ಬದಲಾಗಲು ಆದೇಶ ಬರಬೇಕು, ಅದಕ್ಕಾಗಿ ನಾವೂ ನೀವೂ ಜಗಳ ಮಾಡೋಣ. ಅಲ್ಲಿಯ ತನಕ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ನಾಳೆ ಗಣಿತದ ಪಿರಿಯಡ್ಡಿನಲ್ಲಿ ಕಡೇ ಸಾಲಿನಲ್ಲಿ ಕೂತ ಆ ಹುಡುಗಿಯ ಹೆಸರು ಹಿಡಿದು ಬೋರ್ಡಿಗೆ ಕರೆಯಿರಿ.

ಒರೆಸಲು ಅಲ್ಲ.